ಮೇರಿ ಆ್ಯನಿಂಗ್: ಕಡಲ ಬಂಡೆಯಲ್ಲಿ ಕಾಲವನ್ನು ಅಗೆದವಳು

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋದವರು ಅಲ್ಲಿನ ಉದ್ದನೆಯ ಗೋಡೆಯೊಂದರ ಮುಂದೆ ನಿಲ್ಲದೆ ಮುಂದೆ ಹೋಗುವುದಿಲ್ಲ. ಗೋಡೆಯ ತುಂಬ ದೊಡ್ಡ ದೊಡ್ಡ ಕಲ್ಲಿನ ಹಲಗೆಗಳು. ಒಂದೊಂದು ಹಲಗೆಯಲ್ಲೂ ಒಂದೊಂದು ವಿಚಿತ್ರ ಪ್ರಾಣಿಯ ಎಲುಬುಗೂಡು. ಮೀನಿನಂತೆ ಕಾಣುವ ಆದರೆ ಮೀನಲ್ಲದ, ಮೊಸಳೆಯಂತೆ ಹಲ್ಲಿರುವ ಆದರೆ ಮೊಸಳೆಯಲ್ಲದ ಈ ಜೀವಿಗಳು ಸುಮಾರು 20 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಈಜಾಡಿಕೊಂಡಿದ್ದವು. ಅವುಗಳಲ್ಲಿ ಅತಿ ಮುಖ್ಯವಾದ ಕೆಲವನ್ನು ಬಂಡೆಯಿಂದ ಬಿಡಿಸಿ ತಂದವಳು ಒಬ್ಬ ಬಡಗಿಯ ಮಗಳು. ಆಕೆ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ತನ್ನ ದೇಶದ ಯಾವ ವಿಜ್ಞಾನ ಸಂಘದಲ್ಲೂ ಸದಸ್ಯೆಯಾಗಿದ್ದವಳಲ್ಲ. ಹೆಸರು ಮೇರಿ ಆ್ಯನಿಂಗ್.

ಡೈನೊಸಾರ್ ಎಂದರೆ ಇಂದು ಶಿಶುವಿಹಾರದ ಮಗುವಿಗೂ ಗೊತ್ತು. ಆದರೆ ಮೇರಿ ತನ್ನ ಮೊದಲ ದೊಡ್ಡ ಪಳೆಯುಳಿಕೆಯನ್ನು ಅಗೆದು ತೆಗೆದ 1812ರಲ್ಲಿ ಆ ಪದವೇ ಹುಟ್ಟಿರಲಿಲ್ಲ. ರಿಚರ್ಡ್ ಓವನ್ ಎಂಬ ವಿಜ್ಞಾನಿ ಅದನ್ನು ಬಳಕೆಗೆ ತಂದದ್ದು 1842ರಲ್ಲಿ. ಚಾರ್ಲ್ಸ್ ಡಾರ್ವಿನ್ ಜೀವವಿಕಾಸವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1859ರಲ್ಲಿ. ಅಷ್ಟು ಹೊತ್ತಿಗೆ ಮೇರಿ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಅಂದರೆ, ಏನನ್ನು ಹುಡುಕುತ್ತಿದ್ದೇವೆ ಎಂದು ಹೇಳಲು ಸರಿಯಾದ ಹೆಸರೂ ಇಲ್ಲದಿದ್ದ ಕಾಲದಲ್ಲಿ ಆಕೆ ಹುಡುಕುತ್ತಿದ್ದಳು.

ಬಡಗಿಯ ಮನೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಡಾರ್ಸೆಟ್ ಎಂಬ ಜಿಲ್ಲೆಯಿದೆ. ಅಲ್ಲಿನ ಲೈಮ್ ರೀಜಿಸ್ ಒಂದು ಪುಟ್ಟ ಬಂದರು ಪಟ್ಟಣ. 1799ರ ಮೇ 21ರಂದು ಮೇರಿ ಅಲ್ಲಿ ಹುಟ್ಟಿದಳು. ತಂದೆ ರಿಚರ್ಡ್ ಆ್ಯನಿಂಗ್ ಮರಗೆಲಸದವನು; ಪೀಠೋಪಕರಣ ಮಾಡಿಕೊಡುವುದು ಅವನ ಕಸುಬು. ಕಾದಂಬರಿಗಾರ್ತಿ ಜೇನ್ ಆಸ್ಟೆನ್ 1804ರಲ್ಲಿ ಲೈಮ್‌ಗೆ ಬಂದಿದ್ದಾಗ ಪೆಟ್ಟಿಗೆಯೊಂದರ ಮುರಿದ ಮುಚ್ಚಳದ ದುರಸ್ತಿಗಾಗಿ ಇದೇ ರಿಚರ್ಡ್‌ನನ್ನು ಕೇಳಿದ್ದಳು. ಅವನು ಹೇಳಿದ ಐದು ಶಿಲಿಂಗ್ ಮಜೂರಿ ತೀರ ಹೆಚ್ಚಾಯಿತೆಂದು ಆಕೆ ತನ್ನ ಅಕ್ಕನಿಗೆ ಪತ್ರದಲ್ಲಿ ದೂರಿಕೊಂಡಿದ್ದಾಳೆ.

ಆ ಮನೆಯಲ್ಲಿ ಸಾವು ಅಪರೂಪದ ಅತಿಥಿಯಾಗಿರಲಿಲ್ಲ. ರಿಚರ್ಡ್ ದಂಪತಿಗೆ ಹುಟ್ಟಿದ ಸುಮಾರು ಹತ್ತು ಮಕ್ಕಳಲ್ಲಿ ದೊಡ್ಡವರಾಗಿ ಬದುಕಿದ್ದು ಇಬ್ಬರೇ: ಜೋಸೆಫ್ ಮತ್ತು ಮೇರಿ. ಮೇರಿ ಹುಟ್ಟುವ ಮುನ್ನ, 1798ರ ಕ್ರಿಸ್‌ಮಸ್ ಹೊತ್ತಿನಲ್ಲಿ, ನಾಲ್ಕು ವರ್ಷದ ಅಕ್ಕನೊಬ್ಬಳು ಬಟ್ಟೆಗೆ ಬೆಂಕಿ ತಗುಲಿ ತೀರಿಕೊಂಡಿದ್ದಳು. ಅವಳ ಹೆಸರೂ ಮೇರಿಯೇ. ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ಆಗ ಅಲ್ಲಿ ರೂಢಿಯಲ್ಲಿತ್ತು.

ಈ ಎರಡನೆಯ ಮೇರಿಯೂ ಸ್ವಲ್ಪದರಲ್ಲೇ ಉಳಿದುಕೊಂಡವಳು. 1800ರ ಆಗಸ್ಟ್ 19ರಂದು ಊರಿನ ಬಯಲಿನಲ್ಲಿ ಕುದುರೆ ಸವಾರಿಯ ಪ್ರದರ್ಶನ ನಡೆದಿತ್ತು. ಹದಿನೈದು ತಿಂಗಳ ಕೂಸನ್ನು ನೆರೆಯ ಹೆಂಗಸೊಬ್ಬಳು ಎತ್ತಿಕೊಂಡು ಹೋಗಿದ್ದಳು. ಮಳೆ ಬಂದಾಗ ಆಕೆ ಇನ್ನಿಬ್ಬರೊಡನೆ ಮರವೊಂದರ ಅಡಿಯಲ್ಲಿ ನಿಂತಳು. ಸಿಡಿಲು ಆ ಮರಕ್ಕೇ ಬಡಿಯಿತು. ಮೂವರು ಹೆಂಗಸರೂ ಸತ್ತರು, ಕೂಸು ಬದುಕಿತು. ಮೊದಲು ಮಂಕಾಗಿದ್ದ ಮಗು ಸಿಡಿಲು ಬಡಿದ ಮೇಲೆ ಚುರುಕಾಯಿತು ಎಂದು ಊರಿನವರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಮುಂದೆ ಆಕೆ ಹೆಸರು ಮಾಡಿದಾಗ ಅವಳ ಬುದ್ಧಿಗೆ ಜನರು ಹುಡುಕಿದ ಕಾರಣವೂ ಅದೇ. ಬಡವರ ಮನೆಯ ಹುಡುಗಿಗೆ ಬುದ್ಧಿ ತಾನಾಗಿಯೇ ಬಂದೀತು ಎಂದು ನಂಬುವುದಕ್ಕಿಂತ ಸಿಡಿಲನ್ನು ನಂಬುವುದು ಸುಲಭವಾಗಿತ್ತು.

ಹಾವಿನ ಕಲ್ಲು, ಸೈತಾನನ ಬೆರಳು

ಲೈಮ್ ರೀಜಿಸ್‌ನ ಕಡಲ ದಡದಲ್ಲಿ ಕಪ್ಪು-ನೀಲಿ ಬಣ್ಣದ ಎತ್ತರದ ಬಂಡೆಗೋಡೆಗಳಿವೆ. ಸುಣ್ಣಕಲ್ಲಿನ ಒಂದು ಪದರ, ಜೇಡಿಯ ಒಂದು ಪದರ, ಮತ್ತೆ ಸುಣ್ಣಕಲ್ಲು, ಮತ್ತೆ ಜೇಡಿ. ಹೀಗೆ ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಕಾಣುತ್ತವೆ. ಭೂವಿಜ್ಞಾನಿಗಳು ಇದನ್ನು ಬ್ಲೂ ಲಯಾಸ್ ಎನ್ನುತ್ತಾರೆ. ಜುರಾಸಿಕ್ ಯುಗದ ಆರಂಭದಲ್ಲಿ ಇದು ಬೆಚ್ಚನೆಯ, ಆಳವಿಲ್ಲದ ಸಮುದ್ರದ ತಳವಾಗಿತ್ತು. ಸತ್ತ ಪ್ರಾಣಿಗಳು ತಳದ ಕೆಸರಿನಲ್ಲಿ ಹೂತುಹೋದವು. ಕೆಸರಿನೊಳಗೆ ಗಾಳಿಯಾಡದೆ ಕೊಳೆಯುವಿಕೆ ನಿಧಾನವಾಯಿತು. ಮೇಲೆ ಮತ್ತಷ್ಟು ಕೆಸರು ತುಂಬಿ, ಲಕ್ಷಾಂತರ ವರ್ಷಗಳಲ್ಲಿ ಎಲ್ಲವೂ ಕಲ್ಲಾಯಿತು. ಎಲುಬಿನ ಜಾಗವನ್ನು ಖನಿಜಗಳು ತುಂಬಿ ಅದರ ಆಕಾರವನ್ನು ಉಳಿಸಿದವು.

ಈ ಬಂಡೆ ಗಟ್ಟಿಯಲ್ಲ. ಚಳಿಗಾಲದ ಮಳೆಗೆ ಜೇಡಿಪದರ ನೆನೆದು ಜಾರುತ್ತದೆ. ಅಲೆಗಳು ಬುಡವನ್ನು ಕೊರೆಯುತ್ತವೆ. ದೊಡ್ಡ ಬಿರುಗಾಳಿಯ ನಂತರ ಒಂದೊಂದು ಭಾಗವೇ ಕುಸಿದು ಬೀಳುತ್ತದೆ. ಹೊಸ ಪಳೆಯುಳಿಕೆ ಕಾಣಿಸಿಕೊಳ್ಳುವುದು ಆಗಲೇ. ಬೇಗ ಎತ್ತಿಕೊಳ್ಳದಿದ್ದರೆ ಕೆಲವು ಉಬ್ಬರಗಳಲ್ಲಿ ಸಮುದ್ರವೇ ಅದನ್ನು ಪುಡಿ ಮಾಡಿಬಿಡುತ್ತದೆ. ಹಾಗಾಗಿ ಪಳೆಯುಳಿಕೆ ಹುಡುಕುವವರಿಗೆ ಸುಗ್ಗಿಯ ಕಾಲವೆಂದರೆ ಚಳಿಗಾಲ. ಪ್ರಾಣಾಪಾಯ ಹೆಚ್ಚಾಗಿರುವುದೂ ಆಗಲೇ.

ನೆಪೋಲಿಯನ್ನನ ಯುದ್ಧಗಳಿಂದಾಗಿ ಇಂಗ್ಲೆಂಡಿನ ಸಿರಿವಂತರಿಗೆ ಯೂರೋಪಿನ ಪ್ರವಾಸ ಕಷ್ಟವಾಗಿತ್ತು. ಅವರು ತಮ್ಮದೇ ಕರಾವಳಿಯ ಊರುಗಳಿಗೆ ಬರತೊಡಗಿದರು. ಬಂದವರಿಗೆ ಮಾರಲೆಂದು ಲೈಮ್‌ನ ಬಡವರು ದಡದಲ್ಲಿ ಸಿಗುವ ವಿಚಿತ್ರ ಕಲ್ಲುಗಳನ್ನು ಆರಿಸುತ್ತಿದ್ದರು. ಸುರುಳಿ ಸುತ್ತಿದ ಅಮೋನೈಟ್‌ಗಳನ್ನು ಅವರು ಹಾವಿನ ಕಲ್ಲು ಎನ್ನುತ್ತಿದ್ದರು. ಉದ್ದನೆಯ ಚೂಪಾದ ಬೆಲೆಮ್ನೈಟ್‌ಗಳು ಸೈತಾನನ ಬೆರಳುಗಳು. ನಮ್ಮಲ್ಲಿ ಗಂಡಕಿ ನದಿಯಿಂದ ಬಂದು ದೇವರ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳೂ ಅಮೋನೈಟ್ ಪಳೆಯುಳಿಕೆಗಳೇ. ಅದೇ ಸುರುಳಿಯಲ್ಲಿ ಇಲ್ಲಿನವರು ವಿಷ್ಣುವಿನ ಚಕ್ರವನ್ನು ಕಂಡರೆ ಅಲ್ಲಿನವರು ಹಾವನ್ನು ಕಂಡರು. ಅದು ಒಂದು ಕಾಲದಲ್ಲಿ ಬದುಕಿದ್ದ ಸಮುದ್ರಜೀವಿಯ ಚಿಪ್ಪು ಎಂಬ ತಿಳಿವಳಿಕೆ ಸಾಮಾನ್ಯ ಜನರಿಗೆ ಬರಲು ಇನ್ನೂ ಕಾಲ ಬೇಕಿತ್ತು.

ರಿಚರ್ಡ್ ಬಿಡುವಿದ್ದಾಗ ಮಕ್ಕಳಿಬ್ಬರನ್ನೂ ದಡಕ್ಕೆ ಕರೆದೊಯ್ದು ಈ ಕಲ್ಲುಗಳನ್ನು ಹುಡುಕುವುದನ್ನೂ ಚೊಕ್ಕಟ ಮಾಡುವುದನ್ನೂ ಕಲಿಸಿದ. ಆದರೆ 1810ರಲ್ಲಿ, 44ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಬಂಡೆಯಿಂದ ಬಿದ್ದು ಆಗಿದ್ದ ಪೆಟ್ಟು, ಜೊತೆಗೆ ಕ್ಷಯ. ಉಳಿಸಿಹೋದದ್ದು 120 ಪೌಂಡ್ ಸಾಲ. ವಿಧವೆ ಮತ್ತು ಮಕ್ಕಳು ಬಡವರಿಗೆಂದು ಪ್ಯಾರಿಷ್ ಕೊಡುತ್ತಿದ್ದ ನೆರವನ್ನು ನಂಬಿ ಬದುಕಬೇಕಾಯಿತು. ಹನ್ನೊಂದು ವರ್ಷದ ಮೇರಿಗೆ ಅಲ್ಲಿಯವರೆಗೆ ಆಟದಂತಿದ್ದ ಕಲ್ಲು ಹುಡುಕಾಟ ಹೊಟ್ಟೆಪಾಡಾಯಿತು.

ಮೊದಲ ಮಹಾ ಮೀನುಹಲ್ಲಿ

1811ರಲ್ಲಿ ಅಣ್ಣ ಜೋಸೆಫ್‌ಗೆ ದಡದಲ್ಲಿ ಸುಮಾರು ನಾಲ್ಕು ಅಡಿ ಉದ್ದದ ತಲೆಬುರುಡೆಯೊಂದು ಕಂಡಿತು. ಉದ್ದ ಮೂತಿ, ಸಾಲು ಹಲ್ಲು, ತಟ್ಟೆಯಂಥ ಕಣ್ಣಿನ ಗೂಡು. ಮೊಸಳೆಯಿರಬೇಕು ಎಂದುಕೊಂಡರು. ದೇಹ ಮಾತ್ರ ಸಿಗಲಿಲ್ಲ. ಜೋಸೆಫ್ ಕುರ್ಚಿಗಳಿಗೆ ಮೆತ್ತೆ ಹೊದಿಸುವ ಕೆಲಸ ಕಲಿಯಲು ಸೇರಿದ್ದರಿಂದ ಹುಡುಕಾಟ ಮುಂದುವರಿಸಿದವಳು ಮೇರಿ. ಮರುವರ್ಷ ಆಕೆಗೆ ಉಳಿದ ದೇಹವೂ ಸಿಕ್ಕಿತು. ಕೂಲಿಯಾಳುಗಳ ನೆರವಿನಿಂದ ಅದನ್ನು ಬಂಡೆಯಿಂದ ಬಿಡಿಸಲಾಯಿತು. ಆಗ ಆಕೆಗೆ ಹದಿಮೂರು ವರ್ಷ.

ಊರಿನ ಜಮೀನ್ದಾರ ಹೆನ್ರಿ ಹೋಸ್ಟ್ ಹೆನ್ಲಿ ಅದನ್ನು 23 ಪೌಂಡ್ ಕೊಟ್ಟು ಕೊಂಡ. ಅಲ್ಲಿಂದ ಅದು ಲಂಡನ್ನಿನಲ್ಲಿದ್ದ ವಿಲಿಯಂ ಬುಲಕ್‌ನ ಪ್ರದರ್ಶನಶಾಲೆ ಸೇರಿತು. 1819ರ ಹರಾಜಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು 45 ಪೌಂಡ್ 5 ಶಿಲಿಂಗ್‌ಗೆ ಕೊಂಡಿತು. ಮೀನಿನ ಲಕ್ಷಣವೂ ಸರೀಸೃಪದ ಲಕ್ಷಣವೂ ಬೆರೆತಿದ್ದ ಈ ಪ್ರಾಣಿಗೆ ಇಕ್ತಿಯೊಸಾರಸ್ ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಮೀನುಹಲ್ಲಿ. ಆ ತಲೆಬುರುಡೆ ಇಂದಿಗೂ ಲಂಡನ್ನಿನಲ್ಲಿದೆ.

ಈ ಪಳೆಯುಳಿಕೆಯನ್ನು ಕುರಿತು ಎವರಾರ್ಡ್ ಹೋಮ್ ಎಂಬ ಪ್ರಖ್ಯಾತ ಶಸ್ತ್ರವೈದ್ಯ 1814ರಿಂದ ರಾಯಲ್ ಸೊಸೈಟಿಗೆ ಒಂದರ ಹಿಂದೊಂದು ಪ್ರಬಂಧ ಬರೆದ. ಪ್ರಾಣಿ ಯಾವ ವರ್ಗಕ್ಕೆ ಸೇರಿದ್ದೆಂದು ಅವನಿಗೆ ಬಗೆಹರಿಯಲಿಲ್ಲ. ಅಭಿಪ್ರಾಯ ಬದಲಿಸುತ್ತಲೇ ಹೋದ. ಅಗೆದು ತೆಗೆದ ಹುಡುಗಿಯ ಹೆಸರು ಮಾತ್ರ ಆ ಪ್ರಬಂಧಗಳಲ್ಲಿ ಬರಲಿಲ್ಲ. ಮುಂದೆ ಮೇರಿಯ ಬದುಕಿನುದ್ದಕ್ಕೂ ಮತ್ತೆ ಮತ್ತೆ ನಡೆಯಲಿದ್ದುದರ ಮೊದಲ ಅಂಕ ಇದು.

ಒಂದು ಪಳೆಯುಳಿಕೆ ಮಾರಿದ ಹಣದಿಂದ ಬಡತನ ತೊಲಗಲಿಲ್ಲ. ಮುಂದಿನ ವರ್ಷಗಳಲ್ಲಿ ಮನೆಯ ಪೀಠೋಪಕರಣಗಳನ್ನೇ ಮಾರುವ ಸ್ಥಿತಿ ಬಂತು. ಆಗ ನೆರವಿಗೆ ಬಂದವನು ಅವರ ಗಿರಾಕಿಯೇ ಆಗಿದ್ದ ಸೇನಾಧಿಕಾರಿ ಥಾಮಸ್ ಬರ್ಚ್. ಅವನು ಆ್ಯನಿಂಗ್ ಕುಟುಂಬದಿಂದ ಕೊಂಡವೂ ಸೇರಿದಂತೆ ತನ್ನ ಸಂಗ್ರಹವನ್ನು 1820ರಲ್ಲಿ ಲಂಡನ್ನಿನಲ್ಲಿ ಹರಾಜಿಗಿಟ್ಟು, ಬಂದ ಸುಮಾರು 400 ಪೌಂಡ್ ಹಣವನ್ನು ಆ ಕುಟುಂಬಕ್ಕೆ ಕೊಟ್ಟುಬಿಟ್ಟ. ವಿಜ್ಞಾನಕ್ಕೆ ಇಷ್ಟೊಂದು ಒದಗಿಸಿದವರು ಹಸಿದಿರಬಾರದು ಎಂಬುದು ಅವನ ಭಾವನೆಯಾಗಿತ್ತು. ಈ ಹರಾಜಿನಿಂದ ಹಣದ ಜೊತೆಗೆ ಆ್ಯನಿಂಗ್ ಎಂಬ ಹೆಸರೂ ಭೂವಿಜ್ಞಾನಿಗಳ ಕಿವಿಗೆ ಬಿತ್ತು.

ಕುತ್ತಿಗೆಯ ಜಗಳ

1823ರ ಡಿಸೆಂಬರ್‌ನಲ್ಲಿ ಮೇರಿ ಇನ್ನೂ ದೊಡ್ಡದೊಂದನ್ನು ಹೊರತೆಗೆದಳು. ಚಿಕ್ಕ ತಲೆ, ಅಗಲ ಮೈ, ಹುಟ್ಟಿನಂಥ ನಾಲ್ಕು ಕಾಲು, ನಂಬಲಾಗದಷ್ಟು ಉದ್ದದ ಕುತ್ತಿಗೆ. ಇಂಥ ಪ್ರಾಣಿಯ ಚೂರುಗಳನ್ನು ಆಧರಿಸಿ ವಿಲಿಯಂ ಕಾನಿಬೇರ್ ಮತ್ತು ಹೆನ್ರಿ ಡಿ ಲಾ ಬೀಚ್ ಎಂಬ ಭೂವಿಜ್ಞಾನಿಗಳು 1821ರಲ್ಲೇ ಪ್ಲೀಸಿಯೊಸಾರಸ್ ಎಂಬ ಹೆಸರು ಕೊಟ್ಟಿದ್ದರು. ಆದರೆ ಇಡಿಯಾದ ಎಲುಬುಗೂಡು ಸಿಕ್ಕಿದ್ದು ಇದೇ ಮೊದಲು.

ಅದರ ಚಿತ್ರ ಪ್ಯಾರಿಸ್ಸಿಗೆ ಹೋಯಿತು. ಅಲ್ಲಿದ್ದವನು ಪ್ರಾಣಿಗಳ ಅಂಗರಚನೆಯಲ್ಲಿ ಆ ಕಾಲದ ಕೊನೆಯ ಮಾತು ಎನಿಸಿದ್ದ ಜಾರ್ಜ್ ಕುವಿಯೆ. ಅವನಿಗೆ ಅನುಮಾನ ಬಂತು. ಕುತ್ತಿಗೆಯಲ್ಲಿ ಸುಮಾರು 35 ಮಣಿಗಳಿವೆ. ಜಿರಾಫೆಗಾದರೂ ಇರುವುದು ಏಳೇ. ಬದುಕಿರುವ ಯಾವ ಸರೀಸೃಪದ ಕುತ್ತಿಗೆಯೂ ಇಷ್ಟು ಉದ್ದವಿಲ್ಲ. ಎರಡು ಪ್ರಾಣಿಗಳ ಎಲುಬುಗಳನ್ನು ಸೇರಿಸಿ ಒಂದು ಮಾಡಿರಬೇಕು ಎಂದು ಅವನು ಶಂಕಿಸಿದ.

ಈ ಮಾತು ಪಾಂಡಿತ್ಯದ ತಕರಾರಾಗಿ ಮಾತ್ರ ಉಳಿಯುವಂತಿರಲಿಲ್ಲ. ಪಳೆಯುಳಿಕೆ ಮಾರಿ ಬದುಕುವವಳ ಮೇಲೆ ಖೋಟಾ ಮಾಲು ಮಾರಿದ ಆರೋಪ ಬಂದರೆ ಅವಳ ಅಂಗಡಿ ಮುಚ್ಚಿದ ಹಾಗೆಯೇ. ಪ್ರೊಫೆಸರನ ಊಹೆ ತಪ್ಪಾದರೆ ಅವನು ಇನ್ನೊಂದು ಪ್ರಬಂಧ ಬರೆದು ತಿದ್ದಿಕೊಳ್ಳಬಹುದು. ಮೇರಿಗೆ ಅಂಥ ಅವಕಾಶವಿರಲಿಲ್ಲ. 1824ರ ಫೆಬ್ರವರಿಯಲ್ಲಿ ಲಂಡನ್ನಿನ ಜಿಯಾಲಜಿಕಲ್ ಸೊಸೈಟಿಯ ಸಭೆಯಲ್ಲಿ ಈ ಎಲುಬುಗೂಡಿನ ಚರ್ಚೆಯಾಯಿತು. ಹಡಗಿನಲ್ಲಿ ತಡವಾಗಿ ಬಂದ ಪೆಟ್ಟಿಗೆ ಎಷ್ಟು ದೊಡ್ಡದಾಗಿತ್ತೆಂದರೆ ಅದನ್ನು ಮೆಟ್ಟಿಲು ಹತ್ತಿಸಲು ಆಗಲಿಲ್ಲ. ಕಾನಿಬೇರ್ ಪ್ರಾಣಿಯ ರಚನೆಯನ್ನು ವಿವರಿಸಿದ. ಎಲುಬುಗಳೆಲ್ಲ ಒಂದೇ ಪ್ರಾಣಿಯವು, ಕುತ್ತಿಗೆ ನಿಜವಾಗಿಯೂ ಅಷ್ಟು ಉದ್ದ ಎಂಬುದು ಸ್ಥಿರವಾಯಿತು. ಕುವಿಯೆ ತಾನು ಅವಸರಪಟ್ಟೆನೆಂದು ಒಪ್ಪಿಕೊಂಡ. ಮೇರಿಯ ಮಾನ ಉಳಿಯಿತು.

ಆದರೆ ಆ ಸಭೆಯಲ್ಲಿ ಆಕೆ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದು ಗಂಡಸರ ಸಂಘ. ಜಿಯಾಲಜಿಕಲ್ ಸೊಸೈಟಿ ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಂಡದ್ದು 1919ರಲ್ಲಿ. ಕಾನಿಬೇರ್ ಆಕೆಯ ಹೆಸರನ್ನು ಹೇಳಲೂ ಇಲ್ಲ. ಅದೇ ಸಭೆಯಲ್ಲಿ ವಿಲಿಯಂ ಬಕ್‌ಲ್ಯಾಂಡ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸ ಮೆಗಲೊಸಾರಸ್ ಎಂಬ ಪ್ರಾಣಿಯನ್ನು ಪ್ರಕಟಪಡಿಸಿದ. ವೈಜ್ಞಾನಿಕ ಹೆಸರು ಪಡೆದ ಮೊದಲ ಡೈನೊಸಾರ್ ಅದು. ಹೀಗೆ ಭೂವಿಜ್ಞಾನದ ಇತಿಹಾಸದಲ್ಲಿ ಒಂದು ಮೈಲಿಗಲ್ಲು ಎನಿಸಿದ ಆ ಸಂಜೆ, ಮುಖ್ಯ ಸಾಕ್ಷ್ಯವನ್ನು ಒದಗಿಸಿದವಳು ಗೈರುಹಾಜರಾಗಿದ್ದಳು.

ಕೈಬರಹದ ವಿಶ್ವವಿದ್ಯಾಲಯ

ಮೇರಿ ಕೇವಲ ಅದೃಷ್ಟವಂತ ಕಲ್ಲು ಆರಿಸುವವಳು ಎಂದು ತಿಳಿದರೆ ತಪ್ಪಾಗುತ್ತದೆ. ಆಕೆಯ ಕುಟುಂಬ ಆಂಗ್ಲಿಕನ್ ಚರ್ಚಿಗೆ ಸೇರದ ಪಂಥವೊಂದಕ್ಕೆ ಸೇರಿತ್ತು. ಆ ಪಂಥದ ಭಾನುವಾರದ ಶಾಲೆಯಲ್ಲಿ ಬಡ ಮಕ್ಕಳಿಗೂ ಓದುಬರಹ ಕಲಿಸುತ್ತಿದ್ದರು. ಅಷ್ಟೇ ಅವಳ ಶಾಲಾ ವಿದ್ಯೆ. ಉಳಿದದ್ದನ್ನು ಆಕೆ ತಾನೇ ಕಲಿತಳು. ಪುಸ್ತಕ, ಪತ್ರಿಕೆ ಕೊಳ್ಳುವ ಶಕ್ತಿಯಿರಲಿಲ್ಲ. ವಿಜ್ಞಾನ ಪ್ರಬಂಧಗಳನ್ನು ಎರವಲು ತಂದು ಇಡಿಯಾಗಿ ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಳು. ಚಿತ್ರಗಳನ್ನೂ ಬಿಡುತ್ತಿರಲಿಲ್ಲ, ಮೂಲ ಯಾವುದು, ನಕಲು ಯಾವುದು ಎಂದು ಹೇಳಲು ಕಷ್ಟವಾಗುವಷ್ಟು ಚೆನ್ನಾಗಿ ಬರೆಯುತ್ತಿದ್ದಳು. ಪಳೆಯುಳಿಕೆಗಳ ಅಂಗರಚನೆ ತಿಳಿಯಲು ಈಗಿನ ಮೀನುಗಳನ್ನೂ ಕಟಲ್ ಮೀನುಗಳನ್ನೂ ಕೊಯ್ದು ನೋಡುತ್ತಿದ್ದಳು.

ಊರಿನಲ್ಲಿ ಆಕೆಗೆ ಆಸರೆಯಾದ ಗೆಳತಿ ಎಲಿಜಬೆತ್ ಫಿಲ್ಪಾಟ್. ಲಂಡನ್ನಿನಿಂದ ಬಂದು ನೆಲೆಸಿದ್ದ ಮೂವರು ಅನುಕೂಲಸ್ಥ ಅಕ್ಕತಂಗಿಯರಲ್ಲಿ ಒಬ್ಬಳು. ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಹಿರಿಯಳು; ಅಂತಸ್ತಿನಲ್ಲಿ ಇನ್ನೂ ಮೇಲು. ಆದರೂ ಇಬ್ಬರೂ ಒಟ್ಟಿಗೆ ದಡದಲ್ಲಿ ಅಲೆಯುತ್ತಿದ್ದರು. ಬೆಲೆಮ್ನೈಟ್ ಪಳೆಯುಳಿಕೆಯೊಳಗೆ ಒಣಗಿದ ಶಾಯಿಯ ಚೀಲ ಇರುವುದನ್ನು ಮೇರಿ ಗುರುತಿಸಿದಳು. ಎಲಿಜಬೆತ್ ಆ ಪುಡಿಯನ್ನು ನೀರಿನಲ್ಲಿ ಕಲಸಿ, ಅದೇ ಶಾಯಿಯಿಂದ ಪಳೆಯುಳಿಕೆಗಳ ಚಿತ್ರ ಬರೆದಳು. ಕೋಟ್ಯಂತರ ವರ್ಷ ಹಳೆಯ ಶಾಯಿ ಮತ್ತೆ ಕಾಗದದ ಮೇಲೆ ಹರಿಯಿತು.

ಇನ್ನೊಂದು ಸಂಗತಿ ಆಕೆಯ ಸೂಕ್ಷ್ಮ ದೃಷ್ಟಿಗೆ ಸಾಕ್ಷಿ. ದಡದಲ್ಲಿ ಸಿಗುತ್ತಿದ್ದ ಬೂದು ಬಣ್ಣದ ಕಲ್ಲಿನ ಉಂಡೆಗಳಿಗೆ ಏನೇನೋ ಔಷಧ ಗುಣ ಹೇಳುತ್ತಿದ್ದರು. ಮೇರಿ ಗಮನಿಸಿದ್ದು ಬೇರೆ: ಇವು ಇಕ್ತಿಯೊಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಕಾಣಸಿಗುತ್ತವೆ, ಒಡೆದು ನೋಡಿದರೆ ಒಳಗೆ ಮೀನಿನ ಮುಳ್ಳು, ಹುರುಪೆಗಳು ಇರುತ್ತವೆ. ಈ ಗಮನಿಕೆಯ ಆಧಾರದ ಮೇಲೆ ಬಕ್‌ಲ್ಯಾಂಡ್ 1829ರಲ್ಲಿ ಅವು ಕಲ್ಲಾದ ಮಲ ಎಂಬ ನಿರ್ಧಾರಕ್ಕೆ ಬಂದು ಕೊಪ್ರೊಲೈಟ್ ಎಂಬ ಹೆಸರು ಕೊಟ್ಟ. ಕೇಳಲು ನಗೆ ತರಿಸಿದರೂ ಅದು ಸಣ್ಣ ಸಂಗತಿಯಲ್ಲ. ಅಳಿದುಹೋದ ಪ್ರಾಣಿ ಏನನ್ನು ತಿನ್ನುತ್ತಿತ್ತು ಎಂದು ಊಹಿಸುವ ಬದಲು ನೇರವಾಗಿ ತಿಳಿಯುವ ದಾರಿ ಅದರಿಂದ ತೆರೆಯಿತು. ಬಕ್‌ಲ್ಯಾಂಡ್ ಈ ವಿಷಯದಲ್ಲಿ ಮೇರಿಯನ್ನು ಹೆಸರಿಸಿ ಮೆಚ್ಚಿದ ಎಂಬುದನ್ನೂ ಹೇಳಬೇಕು.

1828ರಲ್ಲಿ ಆಕೆಗೆ ರೆಕ್ಕೆಯುಳ್ಳ ಸರೀಸೃಪದ ಎಲುಬುಗಳು ಸಿಕ್ಕವು. ಜರ್ಮನಿಯ ಹೊರಗೆ ಗುರುತಿಸಲಾದ ಮೊದಲ ಟೆರೊಸಾರ್ ಇದು. ಇದರ ಈಗಿನ ಹೆಸರು ಡೈಮಾರ್ಫೊಡಾನ್. ಮರುವರ್ಷ ಶಾರ್ಕಿಗೂ ತಿರಂಡಿ ಮೀನಿಗೂ ನಡುವಿನಂತೆ ಕಾಣುವ ಸ್ಕ್ವಾಲೊರಾಜ ಎಂಬ ಮೀನು ಸಿಕ್ಕಿತು. ಇಷ್ಟು ಹೊತ್ತಿಗೆ ಆಕೆ ಸ್ವಂತ ಮನೆ ಕೊಂಡು, ಮುಂಭಾಗದಲ್ಲಿ ಗಾಜಿನ ಕಿಟಕಿಯ ಅಂಗಡಿ ತೆರೆದಿದ್ದಳು. ಇಂಗ್ಲೆಂಡ್, ಯೂರೋಪ್, ಅಮೆರಿಕಗಳಿಂದ ವಿದ್ವಾಂಸರು ಆ ಅಂಗಡಿಗೆ ಬರುತ್ತಿದ್ದರು. ಬಂದವರು ಕಲ್ಲು ಕೊಳ್ಳುವುದರ ಜೊತೆಗೆ ಆಕೆಯ ಹಿಂದೆ ದಡಕ್ಕೆ ಹೋಗಿ ಪಾಠವನ್ನೂ ಕಲಿಯುತ್ತಿದ್ದರು. 1839ರಲ್ಲಿ ನಿಸರ್ಗ ವಿಜ್ಞಾನದ ಮಾಸಪತ್ರಿಕೆಯೊಂದು ಆಕೆಯ ಪತ್ರದ ಭಾಗವನ್ನು ಅಚ್ಚು ಮಾಡಿತು. ಹೈಬೊಡಸ್ ಎಂಬ ಪುರಾತನ ಶಾರ್ಕನ್ನು ಕುರಿತು ಪ್ರಕಟವಾಗಿದ್ದ ಹೇಳಿಕೆಯೊಂದನ್ನು ಆಕೆ ಅದರಲ್ಲಿ ತಿದ್ದಿದ್ದಳು. ಆಕೆಯ ಜೀವಿತಕಾಲದಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಆಕೆಯ ಬರಹ ಇಷ್ಟೇ.

ಹೆಸರು ಅಳಿಸಿದ್ದು ಹೇಗೆ?

ಇಷ್ಟೆಲ್ಲ ಪ್ರಸಿದ್ಧಳಾಗಿದ್ದವಳ ಹೆಸರು ವಿಜ್ಞಾನದ ಪುಸ್ತಕಗಳಲ್ಲಿ ಏಕೆ ಸೇರಲಿಲ್ಲ? ಯಾರೋ ಒಬ್ಬರು ಕೂತು ಸಂಚು ಮಾಡಿದರು ಎನ್ನುವಂತಿಲ್ಲ. ಉತ್ತರ ಆ ಕಾಲದ ವ್ಯವಸ್ಥೆಯಲ್ಲೇ ಇದೆ.

ಮೊದಲನೆಯದು, ಮಾರಾಟ. ಪಳೆಯುಳಿಕೆಯನ್ನು ಇಟ್ಟುಕೊಂಡು ಅಧ್ಯಯನ ಮಾಡುವ ಅನುಕೂಲ ಮೇರಿಗೆ ಇರಲಿಲ್ಲ. ಸಿಕ್ಕಿದ್ದನ್ನು ಮಾರಿದರೆ ಮಾತ್ರ ಒಲೆ ಉರಿಯುತ್ತಿತ್ತು. ಮಾರಿದ ಕೂಡಲೇ ಅದು ಕೊಂಡವನದಾಗುತ್ತಿತ್ತು. ಅವನು ಮ್ಯೂಸಿಯಂಗೆ ದಾನ ಕೊಟ್ಟರೆ ದಾಖಲೆ ಪುಸ್ತಕದಲ್ಲಿ ದಾನಿಯ ಹೆಸರು. ವಿದ್ವಾಂಸ ಅದನ್ನು ವಿವರಿಸಿದರೆ ಪ್ರಬಂಧದ ಮೇಲೆ ಅವನ ಹೆಸರು. ಪ್ರಾಣಿಯ ಹೆಸರಿನ ಪಕ್ಕದಲ್ಲೂ ನಾಮಕರಣ ಮಾಡಿದವನ ಹೆಸರು. ಕಂಡುಹಿಡಿದು, ಬಿಡಿಸಿ, ಚೊಕ್ಕಟ ಮಾಡಿ, ಎಲುಬುಗಳನ್ನು ಜೋಡಿಸಿದವಳ ಹೆಸರಿಗೆ ಈ ಸರಪಳಿಯಲ್ಲಿ ಎಲ್ಲೂ ಜಾಗವಿರಲಿಲ್ಲ.

ಎರಡನೆಯದು, ಹೆಣ್ಣು ಎಂಬುದು. ಸಂಘಗಳ ಬಾಗಿಲು ಮುಚ್ಚಿತ್ತು. ವಿಶ್ವವಿದ್ಯಾಲಯಗಳೂ ಅಷ್ಟೇ, ಬಕ್‌ಲ್ಯಾಂಡ್ ಪಾಠ ಹೇಳುತ್ತಿದ್ದ ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಆರಂಭಿಸಿದ್ದು 1920ರಲ್ಲಿ. ಮೂರನೆಯದು ವರ್ಗ. ಹಣಕ್ಕಾಗಿ ಕೈಕೆಸರು ಮಾಡಿಕೊಳ್ಳುವವರನ್ನು ಆಗಿನ ವಿದ್ವತ್ ಸಮಾಜ ಸಮಾನರೆಂದು ಎಣಿಸುತ್ತಿರಲಿಲ್ಲ. ಗಂಡಸಾಗಿದ್ದರೂ ಬಡಗಿಯ ಮಗನಿಗೆ ಆ ಮಂಡಲಿಯಲ್ಲಿ ಸುಲಭವಾಗಿ ಕುರ್ಚಿ ಸಿಗುತ್ತಿರಲಿಲ್ಲ.

ಇದು ಮೇರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಈ ವಿದ್ಯಾವಂತ ಗಂಡಸರು ತನ್ನ ಮಿದುಳನ್ನು ಹೀರಿ, ತಾನು ಕೊಟ್ಟ ಸಾಮಗ್ರಿಯಿಂದ ಪುಸ್ತಕ ಪ್ರಕಟಿಸಿ ಲಾಭ ಪಡೆದರು, ತನಗೆ ಏನೂ ದಕ್ಕಲಿಲ್ಲ ಎಂಬ ನೋವು ಆಕೆಗಿತ್ತೆಂದು ಆಕೆಯೊಡನೆ ದಡದಲ್ಲಿ ಅಲೆದಾಡಿದ ಯುವತಿಯೊಬ್ಬಳು ದಾಖಲಿಸಿದ್ದಾಳೆ.

ಹಾಗೆಂದು ಎಲ್ಲರೂ ಕೃತಘ್ನರಾಗಿದ್ದರು ಎನ್ನುವುದೂ ಸರಿಯಲ್ಲ. ಬಾಲ್ಯದ ಗೆಳೆಯನಾಗಿದ್ದ ಡಿ ಲಾ ಬೀಚ್ 1830ರಲ್ಲಿ ಆಕೆ ಕಂಡುಹಿಡಿದ ಪ್ರಾಣಿಗಳೆಲ್ಲ ಪುರಾತನ ಸಮುದ್ರದಲ್ಲಿ ಬದುಕಿ ಬೇಟೆಯಾಡುತ್ತಿರುವಂತೆ ಜಲವರ್ಣ ಚಿತ್ರವೊಂದನ್ನು ಬರೆದ. ಅದರ ಅಚ್ಚಿನ ಪ್ರತಿಗಳನ್ನು ಮಾರಿದ ಹಣ ಮೇರಿಗೆ ಹೋಯಿತು. ಪಳೆಯುಳಿಕೆಗಳ ಆಧಾರದ ಮೇಲೆ ಪುರಾತನ ಜೀವಲೋಕವನ್ನು ಚಿತ್ರಿಸುವ ಪರಂಪರೆಗೆ ಈ ಚಿತ್ರವೇ ನಾಂದಿ ಎನ್ನಬಹುದು. 1835ರಲ್ಲಿ ಕೆಟ್ಟ ಹೂಡಿಕೆಯಿಂದ ಮೇರಿ ತನ್ನ ಉಳಿತಾಯವನ್ನು ಕಳೆದುಕೊಂಡಾಗ ಬಕ್‌ಲ್ಯಾಂಡ್ ಓಡಾಡಿ ಆಕೆಗೆ ವರ್ಷಕ್ಕೆ 25 ಪೌಂಡ್ ಪಿಂಚಣಿ ಕೊಡಿಸಿದ. ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ ಎರಡು ಪುರಾತನ ಮೀನುಗಳಿಗೆ ಆಕೆಯ ಹೆಸರಿಟ್ಟ. ಆಕೆಯಿಂದ ಅಷ್ಟೊಂದು ಪಡೆದ ಇಂಗ್ಲೆಂಡಿನ ವಿಜ್ಞಾನಿಗಳಲ್ಲಿ ಒಬ್ಬನೂ ಆಕೆ ಬದುಕಿದ್ದಾಗ ಆ ಕೆಲಸ ಮಾಡಲಿಲ್ಲ.

ಕುಸಿದ ಬಂಡೆ

ಈ ಕಸುಬಿನ ಬೆಲೆ ಏನೆಂಬುದು ಆಕೆಗೆ ದಿನವೂ ಗೊತ್ತಾಗುತ್ತಿತ್ತು. ಟ್ರೇ ಎಂಬ ಕಪ್ಪು-ಬಿಳುಪಿನ ನಾಯಿ ಸದಾ ಆಕೆಯ ಜೊತೆಗಿರುತ್ತಿತ್ತು. 1833ರಲ್ಲಿ ಒಂದು ದಿನ ಬಂಡೆ ಕುಸಿದು ನಾಯಿ ಆಕೆಯ ಕಣ್ಣೆದುರೇ, ಕಾಲ ಬುಡದಲ್ಲೇ ಹೂತುಹೋಯಿತು. ಕ್ಷಣ ಮಾತ್ರದಲ್ಲಿ ತಾನೂ ಅದೇ ಗತಿ ಕಾಣುತ್ತಿದ್ದೆ ಎಂದು ಆಕೆ ಗೆಳತಿ ಶಾರ್ಲಟ್ ಮರ್ಚಿಸನ್‌ಗೆ ಬರೆದಳು. ಆಮೇಲೂ ದಡಕ್ಕೆ ಹೋಗುವುದನ್ನು ಬಿಡಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

1844ರಲ್ಲಿ ಸ್ಯಾಕ್ಸನಿಯ ದೊರೆ ಎರಡನೆಯ ಫ್ರೆಡರಿಕ್ ಆಗಸ್ಟಸ್ ಲೈಮ್‌ಗೆ ಬಂದಾಗ ಆಕೆಯ ಅಂಗಡಿಗೆ ಭೇಟಿ ಕೊಟ್ಟು ಇಕ್ತಿಯೊಸಾರ್ ಒಂದನ್ನು ಕೊಂಡ. ಜೊತೆಗಿದ್ದ ವೈದ್ಯ ತನ್ನ ಟಿಪ್ಪಣಿ ಪುಸ್ತಕ ಚಾಚಿ ಹೆಸರು ಬರೆಯಲು ಕೇಳಿದ. ಮೇರಿ ಗಟ್ಟಿ ಕೈಯಿಂದ ಹೆಸರು ಬರೆದು, ಇಡೀ ಯೂರೋಪಿಗೆ ತನ್ನ ಪರಿಚಯವಿದೆ ಎಂದಳಂತೆ. ಅದು ಜಂಬವಲ್ಲ, ಸತ್ಯ. ಯೂರೋಪ್ ಬಲ್ಲವಳು ಇಂಗ್ಲೆಂಡಿನಲ್ಲಿ ಲೈಮ್ ಬಿಟ್ಟು ಹೊರಗೆ ಹೋದದ್ದೇ ಅಪರೂಪ. ಲಂಡನ್ ನೋಡಿದ್ದು 1829ರಲ್ಲಿ.

ಕೊನೆಯ ವರ್ಷಗಳಲ್ಲಿ ಆಕೆಗೆ ಸ್ತನದ ಕ್ಯಾನ್ಸರ್ ಬಂತು. ನೋವು ತಡೆಯಲು ಅಫೀಮು ಬೆರೆತ ಔಷಧ ತೆಗೆದುಕೊಳ್ಳುತ್ತಿದ್ದಳು. ಅದರ ಮಂಪರನ್ನು ಕಂಡು ಆಕೆ ಕುಡಿಯುತ್ತಾಳೆಂದು ಊರಿನಲ್ಲಿ ಆಡಿಕೊಂಡವರೂ ಇದ್ದರು. ಜಿಯಾಲಜಿಕಲ್ ಸೊಸೈಟಿಯ ಸದಸ್ಯರು ಆಕೆಯ ಖರ್ಚಿಗೆಂದು ಹಣ ಕೂಡಿಸಿದರು. 1847ರ ಮಾರ್ಚ್ 9ರಂದು, 47ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಮದುವೆಯಾಗಿರಲಿಲ್ಲ.

ಆಗ ಸೊಸೈಟಿಯ ಅಧ್ಯಕ್ಷನಾಗಿದ್ದ ಡಿ ಲಾ ಬೀಚ್ 1848ರ ವಾರ್ಷಿಕ ಭಾಷಣದಲ್ಲಿ ಆಕೆಗೆ ಶ್ರದ್ಧಾಂಜಲಿ ಸಲ್ಲಿಸಿದ. ಸದಸ್ಯರಿಗಷ್ಟೇ ಸಲ್ಲುತ್ತಿದ್ದ ಈ ಗೌರವ ಮಹಿಳೆಯೊಬ್ಬಳಿಗೆ ದೊರೆತದ್ದು ಅದೇ ಮೊದಲು. 1850ರಲ್ಲಿ ಲೈಮ್‌ನ ಸೇಂಟ್ ಮೈಕೇಲ್ ಚರ್ಚಿನಲ್ಲಿ ಆಕೆಯ ನೆನಪಿಗೆ ಬಣ್ಣದ ಗಾಜಿನ ಕಿಟಕಿಯೊಂದನ್ನು ಇಡಲಾಯಿತು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ಮುಂತಾದ ದಯೆಯ ಕಾರ್ಯಗಳ ಚಿತ್ರಗಳು ಅದರಲ್ಲಿವೆ. ಭೂವಿಜ್ಞಾನಕ್ಕೆ ಆಕೆ ಉಪಯುಕ್ತಳಾಗಿದ್ದುದನ್ನು ಅಲ್ಲಿನ ಬರಹ ಸ್ಮರಿಸುತ್ತದೆ. ಉಪಯುಕ್ತಳು ಎಂಬ ಮಾತು ಗಮನಾರ್ಹ. ವಿಜ್ಞಾನಿ ಎಂದು ಕರೆಯಲು ಕಾಲ ಇನ್ನೂ ಸಿದ್ಧವಾಗಿರಲಿಲ್ಲ.

ಮರಳಿ ಬಂದ ಹೆಸರು

ಮುಂದಿನ ನೂರು ವರ್ಷ ಮೇರಿ ಮಕ್ಕಳ ಕಥೆಗಳಲ್ಲಿ, ಮೊಸಳೆ ಕಂಡುಹಿಡಿದ ಪುಟ್ಟ ಹುಡುಗಿಯಾಗಿ ಉಳಿದಳು. ಮೂವತ್ತೈದು ವರ್ಷಗಳ ದುಡಿಮೆ, ಓದು, ವಾದ ಎಲ್ಲವೂ ಆ ಕಥೆಯಲ್ಲಿ ಕರಗಿಹೋದವು. ವಿಜ್ಞಾನದ ಇತಿಹಾಸಕಾರರು ಹಳೆಯ ಪತ್ರ, ದಿನಚರಿ, ಮ್ಯೂಸಿಯಂ ದಾಖಲೆಗಳನ್ನು ಕೆದಕಿದ ಮೇಲೆ ಯಾವ ಮಾದರಿ ಆಕೆಯ ಕೈಯಿಂದ ಬಂದದ್ದು ಎಂಬುದು ಒಂದೊಂದಾಗಿ ಗೊತ್ತಾಗುತ್ತ ಬಂತು. 2001ರಲ್ಲಿ ಆಕೆ ಅಲೆದಾಡಿದ ಕರಾವಳಿ ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ ಪಟ್ಟಿ ಸೇರಿತು. 2010ರಲ್ಲಿ ರಾಯಲ್ ಸೊಸೈಟಿ ವಿಜ್ಞಾನದ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಹತ್ತು ಬ್ರಿಟಿಷ್ ಮಹಿಳೆಯರಲ್ಲಿ ಆಕೆಯನ್ನು ಎಣಿಸಿತು. 2015ರಲ್ಲಿ ಇಕ್ತಿಯೊಸಾರಸ್‌ನ ಹೊಸ ಪ್ರಭೇದವೊಂದಕ್ಕೆ ಆಕೆಯ ಹೆಸರು ಬಂತು. ಮೊದಲ ಮೀನುಹಲ್ಲಿಯನ್ನು ಅಗೆದು ಇನ್ನೂರು ವರ್ಷಗಳಾದ ಮೇಲೆ. ಡಾರ್ಸೆಟ್‌ನ ಶಾಲಾ ಬಾಲಕಿಯೊಬ್ಬಳು ತಾಯಿಯೊಡನೆ ಆರಂಭಿಸಿದ ಅಭಿಯಾನದ ಫಲವಾಗಿ 2022ರ ಮೇ 21ರಂದು ಲೈಮ್‌ನಲ್ಲಿ ಆಕೆಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಪಕ್ಕದಲ್ಲಿ ನಾಯಿ ಟ್ರೇ ಕೂಡ ಇದೆ. ಆಕೆಯ ಮನೆ ಇದ್ದ ಜಾಗದಲ್ಲಿ ಊರಿನ ಮ್ಯೂಸಿಯಂ ನಿಂತಿದೆ.

ಒಂದು ಪ್ರಾಣಿ ಪೂರ್ಣವಾಗಿ ಅಳಿದುಹೋಗಬಹುದು ಎಂಬುದನ್ನೇ ಒಪ್ಪಲು ಹಿಂಜರಿಯುತ್ತಿದ್ದ ಕಾಲ ಅದು. ದೇವರ ಸೃಷ್ಟಿಯಲ್ಲಿ ಕುಂದು ಇರಲಾರದು, ಆದ್ದರಿಂದ ಆ ಪ್ರಾಣಿಗಳು ಭೂಮಿಯ ಬೇರೆಲ್ಲೋ ಇರಬೇಕು ಎಂದು ಅನೇಕರು ವಾದಿಸುತ್ತಿದ್ದರು. ಹದಿನೇಳು ಅಡಿಯ ಮೀನುಹಲ್ಲಿಯನ್ನೂ ಹಾವಿನ ಕುತ್ತಿಗೆಯ ಸಮುದ್ರಪ್ರಾಣಿಯನ್ನೂ ಎದುರಿಗಿಟ್ಟ ಮೇಲೆ ಆ ವಾದ ನಿಲ್ಲಲಿಲ್ಲ. ಭೂಮಿಗೆ ಮನುಷ್ಯನಿಗಿಂತ ಬಹು ಹಿಂದಿನ ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಬೇರೆಯೇ ಜೀವಲೋಕವೊಂದು ಬಂದು ಹೋಗಿದೆ ಎಂಬ ಅರಿವಿಗೆ ಗಟ್ಟಿ ಸಾಕ್ಷ್ಯ ಒದಗಿಸಿದವರಲ್ಲಿ ಮೇರಿ ಆ್ಯನಿಂಗ್ ಮುಂಚೂಣಿಯಲ್ಲಿ ನಿಲ್ಲುತ್ತಾಳೆ. ಆಕೆಯದು ಮರಳಿ ದೊರೆತ ಹೆಸರು. ಅದೇ ಕಾಲದಲ್ಲಿ, ಅದೇ ದಡಗಳಲ್ಲಿ, ಮ್ಯೂಸಿಯಂಗಳಿಗಾಗಿ ಕಲ್ಲು ಒಡೆದ ಕೂಲಿಯಾಳುಗಳ, ಗಣಿ ಕೆಲಸಗಾರರ ಹೆಸರುಗಳಲ್ಲಿ ಬಹಳಷ್ಟು ಯಾವ ದಾಖಲೆಯಲ್ಲೂ ಸೇರಿಲ್ಲ. ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಕಾಣುವ ಹೆಸರು ವಿವರಿಸಿದವನದೋ, ದಾನ ಮಾಡಿದವನದೋ, ಅಗೆದವರದೋ ಎಂದು ಒಮ್ಮೆ ಕೇಳಿಕೊಳ್ಳುವುದು ಆಕೆಯ ಕಥೆ ಓದಿದವರಿಗೆ ಅಭ್ಯಾಸವಾದರೆ ಒಳ್ಳೆಯದು.